ಅಜ್ಜಿಯನ್ನು ಕೊಕ್ಕರೆಯ ಮೇಲೆ ಕೂರಿಸಿದ ದಿನ

ಮಕ್ಕಳೇ, ನಾನು ಚಿಕ್ಕವನಿದ್ದಾಗ ಸೊರಬದ ನಮ್ಮ ಬೀದಿಯವರು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. 'ಕೊಕ್ಕರೆ ಕಾಲು' ಎಂದೇ ಕೂಗುತ್ತಿದ್ದರು. ಚಡ್ಡಿಯ ಕೆಳಗಿನ ನನ್ನ ಕಾಲುಗಳು ಅಷ್ಟು ಸಣಕಲು, ಅಷ್ಟು ಉದ್ದ. ಶಾಲೆಯಲ್ಲಿ ಪುಸ್ತಕ ತೆರೆದಿಟ್ಟು ಸುಮ್ಮನೆ ಕೂತರೆ ಮೇಷ್ಟ್ರು "ಏನೋ, ಬಕಧ್ಯಾನವಾ?" ಎಂದು ಕೇಳುತ್ತಿದ್ದರು. ಕೊಕ್ಕರೆ ಕಣ್ಣು ಮುಚ್ಚಿ ನಿಂತಿದ್ದರೂ ಅದರ ಮನಸ್ಸೆಲ್ಲ ಮೀನಿನ ಮೇಲೆ ಎಂದು ನಮ್ಮವರ ತೀರ್ಮಾನ. ಹೀಗಾಗಿ ನಮ್ಮ ಮಾತಿನಲ್ಲಿ ಪಾಪ ಆ ಹಕ್ಕಿಗೆ ಒಳ್ಳೆಯ ಹೆಸರೇ ಇರಲಿಲ್ಲ. ಅದೇ ಹಕ್ಕಿಯನ್ನು ಇನ್ನೊಂದು ಭಾಷೆಯವರು ಹಾಡಿ ಹೊಗಳುತ್ತಾರೆ ಎಂದು ನನಗೆ ಗೊತ್ತಾದದ್ದು ನನ್ನ ಹತ್ತನೆಯ ವಯಸ್ಸಿನಲ್ಲಿ, ಶಿಕಾರಿಪುರದ ಚೀನಾ ಡಾಕ್ಟ್ರಿಂದ.

ಅಪ್ಪ ಗುಡಿಗಾರ. ಮರದಲ್ಲಿ ದೇವರನ್ನು ಕೆತ್ತುವುದು, ಮದುವೆಯ ಕಾಲ ಬಂದರೆ ಬೆಂಡಿನ ಬಾಸಿಂಗ ಮಾಡುವುದು ಅವನ ಕೆಲಸ. ಬೆಂಡು ಎಂದರೆ ಕೆರೆಯ ನೀರಿನಲ್ಲಿ ಬೆಳೆಯುವ ಒಂದು ಗಿಡದ ತಿರುಳು. ಅಚ್ಚ ಬಿಳುಪು, ಹತ್ತಿಯಷ್ಟು ಹಗುರ, ಚಾಕು ಇಟ್ಟರೆ ಸದ್ದಿಲ್ಲದೆ ಸೀಳಿಕೊಳ್ಳುತ್ತದೆ. ನಮ್ಮ ಮನೆಯ ಮಕ್ಕಳ ಕೈಗೆ ಮೊದಲು ಸಿಗುತ್ತಿದ್ದದ್ದು ಅದೇ. ಉಳಿ ಮುಟ್ಟಬೇಕಾದರೆ ಮೀಸೆ ಬರಬೇಕಿತ್ತು. ಅಪ್ಪನ ಕೊಡತಿಯ ಟಕ್ ಟಕ್ ಕೇಳುತ್ತಾ, ಮರದ ಹೊಟ್ಟಿನ ವಾಸನೆಯಲ್ಲಿ ನಾನು ಬೆಂಡಿನ ಗಿಳಿ, ಬೆಂಡಿನ ಮೀನು ಮಾಡುತ್ತಾ ಕೂರುತ್ತಿದ್ದೆ.

ಅಪ್ಪನ ಕೈಯಲ್ಲಿ ಹಕ್ಕಿಗಳು ಬೇಕಾದಷ್ಟು ಹುಟ್ಟುತ್ತಿದ್ದವು. ಆದರೆ ಒಂದೂ ಬರಿಬೆನ್ನಿನಲ್ಲಿ ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಹಂಸ ಇದ್ದರೆ ಮೇಲೆ ಶಾರದೆ, ನವಿಲಿದ್ದರೆ ಷಣ್ಮುಖ, ಗರುಡನಿದ್ದರೆ ವಿಷ್ಣು. ನಾಲ್ಕು ದಿನ ಹಂಸವೊಂದು ಖಾಲಿ ಬೆನ್ನಿನಲ್ಲಿ ಮೂಲೆಯಲ್ಲಿ ನಿಂತಿದ್ದರೆ ಅಜ್ಜಿಗೆ ತಡೆಯುತ್ತಿರಲಿಲ್ಲ. "ಅದ್ರ ಮೇಲೆ ಯಾರನ್ನಾರೂ ಕೂರ್ಸೋ ಮಾರಾಯ, ಕಾಯ್ತಾ ನಿಂತದೆ ಅದು," ಎಂದು ಅಪ್ಪನಿಗೆ ಹೇಳುತ್ತಿದ್ದಳು. ಹಕ್ಕಿಯನ್ನು ಕೆತ್ತುವುದೇ ಯಾರನ್ನಾದರೂ ಹೊರಲಿಕ್ಕೆ ಎಂದು ನಾನು ನಂಬಿಬಿಟ್ಟಿದ್ದೆ.

ಇನ್ನು ಚೀನಾ ಡಾಕ್ಟ್ರ ವಿಷಯ. ಅಜ್ಜಿಯ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಮೂರು ವರ್ಷ ಗಂಜಿ, ಮೆತ್ತಗಿನ ಅನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿ ಬಿಟ್ಟು ಬೇರೇನೂ ಅವಳ ಹೊಟ್ಟೆಗೆ ಹೋಗಿರಲಿಲ್ಲ. ಶಿಕಾರಿಪುರದಲ್ಲಿ ಚೀನಾದ ಕುಟುಂಬವೊಂದು ತಲೆಮಾರಿನಿಂದ ಹಲ್ಲಿನ ವೈದ್ಯ ಮಾಡಿಕೊಂಡಿತ್ತು. ಅವರ ಬೋರ್ಡಿನ ಮೇಲೆ ಬಾಗಿಲಿನಷ್ಟು ಅಗಲದ ದವಡೆಯ ಚಿತ್ರ ಇತ್ತು. ಅದನ್ನು ನೋಡಿಯೇ ಅರ್ಧ ಜನ ನೋವು ಮರೆತು ವಾಪಸು ಹೋಗುತ್ತಿದ್ದರಂತೆ. ಡಾಕ್ಟ್ರು ಅಲ್ಲೇ ಹುಟ್ಟಿ ಬೆಳೆದವರು, ಕನ್ನಡ ನಮ್ಮಷ್ಟೇ ಸಲೀಸು. ಅವರು ನಾಲ್ಕು ಸಲ ಅಚ್ಚು ತೆಗೆದು ಅಜ್ಜಿಗೆ ಹೊಸ ಹಲ್ಲು ಕಟ್ಟಿಕೊಟ್ಟರು. ಅಂದು ಮನೆಗೆ ಬಂದವಳೇ ಅಜ್ಜಿ ಒಂದು ಚಕ್ಕುಲಿ ಕೇಳಿದಳು. ಅದನ್ನು ಕಟಕಟ ಅನಿಸುತ್ತಾ ತಿಂದು ಮುಗಿಸುವವರೆಗೆ ಅಪ್ಪ ಉಳಿ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು.

ಹಣ ಕೊಡಲು ಅಪ್ಪ ನನ್ನನ್ನೂ ಕರೆದುಕೊಂಡು ಶಿಕಾರಿಪುರಕ್ಕೆ ಹೋದ. ಡಾಕ್ಟ್ರು ತೆಗೆದುಕೊಳ್ಳಲಿಲ್ಲ. "ನಮ್ಮವ್ವಗ ಎಂಬತ್ತು ತುಂಬತೈತಿ ಗುಡಿಗಾರ್ರೇ. ಒಂದು ಕೊಕ್ಕರೆ ಕೆತ್ತಿ ಕೊಡ್ರಿ, ಸಾಕು," ಎಂದರು. ಅಪ್ಪ ಗಾಬರಿಯಾದ. ತಾಯಿಗೆ ಕೊಡುವ ಉಡುಗೊರೆ ಕೊಕ್ಕರೆಯೇ? ಹಂಸ ಮಾಡಿಕೊಡುತ್ತೇನೆ, ನವಿಲು ಮಾಡಿಕೊಡುತ್ತೇನೆ ಎಂದು ಬಗೆಬಗೆಯಾಗಿ ಹೇಳಿದ. ಡಾಕ್ಟ್ರು ನಕ್ಕು ವಿವರಿಸಿದರು. ಅವರ ಕಡೆ ಆ ಹಕ್ಕಿ ಸಾವಿರ ವರ್ಷ ಬದುಕುತ್ತದೆ ಎಂದು ಹೇಳುತ್ತಾರೆ. ದೀರ್ಘಾಯುಸ್ಸು ಹಾರೈಸಬೇಕಾದರೆ ಸದಾ ಹಸಿರಾಗಿರುವ ಮರದ ಕೆಳಗೆ ಕೊಕ್ಕರೆ ನಿಂತ ಚಿತ್ರ ಕೊಡುತ್ತಾರೆ. ಹಿಂದೆ ರಾಜನ ಆಸ್ಥಾನದಲ್ಲಿ ಎಲ್ಲರಿಗಿಂತ ದೊಡ್ಡ ಅಧಿಕಾರಿಯ ಎದೆಯ ಮೇಲೆ ಅದರ ಕಸೂತಿ ಇರುತ್ತಿತ್ತು. ಮುಪ್ಪಿನಲ್ಲೂ ಕಳೆಕಳೆಯಾಗಿರುವವರನ್ನು 'ಕೊಕ್ಕರೆ ಕೂದಲು, ಮಗುವಿನ ಮುಖ' ಎಂದು ಮೆಚ್ಚಿಕೊಳ್ಳುತ್ತಾರೆ. ಅದರ ಹೆಸರನ್ನೂ ಅವರ ಭಾಷೆಯಲ್ಲಿ ಹೇಳಿ ತೋರಿಸಿದರು. ನನಗೆ ಅದು ಹ ಮತ್ತು ಹೊ ಎರಡರ ನಡುವೆ ಎಲ್ಲೋ ನಿಂತ ಉಸಿರಿನ ಹಾಗೆ ಕೇಳಿಸಿತು. ಕೊನೆಗೆ ಗೋಡೆಯ ಹಳೆಯ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದು ಅಪ್ಪನ ಕೈಗೆ ಕೊಟ್ಟರು. ಅದರಲ್ಲಿ ಕಪ್ಪು ಕತ್ತು, ಬಿಳಿ ಮೈ, ನೆತ್ತಿಯ ಮೇಲೆ ಕೆಂಪು ಬೊಟ್ಟಿನ ಹಕ್ಕಿಯೊಂದು ಸೂಜಿ ಎಲೆಯ ಮರದ ಕೆಳಗೆ ಒಂಟಿಕಾಲಿನಲ್ಲಿ ನಿಂತಿತ್ತು. ನನ್ನ ಕಾಲಿನ ಬಗ್ಗೆ ಅಂದು ಮೊದಲ ಬಾರಿಗೆ ನನಗೆ ಸ್ವಲ್ಪ ಜಂಬ ಬಂತು.

ಅಪ್ಪ ಒಂದು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಬೆಳಗ್ಗೆ ಕೆರೆ ಏರಿಯ ಮೇಲೆ ಕೂತು ನಮ್ಮೂರ ಕೊಕ್ಕರೆಗಳು ಮೊಣಕಾಲು ಹೇಗೆ ಮಡಿಸುತ್ತವೆ ಎಂದು ನೋಡಿ ಬರುತ್ತಿದ್ದ. ಶಿವನೆ ಮರದಲ್ಲಿ ಒಂದು ಮೊಳ ಎತ್ತರದ ಹಕ್ಕಿಯನ್ನು ನಿಲ್ಲಿಸಿದ. ಹಾಳೆಯಲ್ಲಿದ್ದ ಮರ ನಮ್ಮಲ್ಲಿ ಬೆಳೆಯುವಂಥದ್ದಲ್ಲ. ಅದಕ್ಕೆ ಗಾಳಿ ಮರ ನೋಡಿಕೊಂಡು ಎಲೆ ಕೆತ್ತಿದ. ನೆತ್ತಿಗೆ ಬಾಸಿಂಗಕ್ಕೆ ಬಳಿಯುವ ಕೆಂಪನ್ನೇ ಬಳಿದ. "ನಮ್ಮವ್ವಂಗೆ ಉಣ್ಣೋ ಬಾಯಿ ಕೊಟ್ಟೋರು. ಅವ್ರ ಅವ್ವಂಗೆ ಕೊಡೋ ಸಾಮಾನಲ್ಲಿ ಒಂಚೂರೂ ಊನ ಇರ್ಬಾರ್ದು," ಎಂದು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದ.

ಊನ ನನ್ನ ಕಣ್ಣಿಗೆ ಬಿತ್ತು. ಹಕ್ಕಿಯ ಬೆನ್ನು ಖಾಲಿ! ತಾಯಿಗೆಂದು ಮಾಡಿದ ಹಕ್ಕಿಯ ಮೇಲೆ ತಾಯಿಯೇ ಇಲ್ಲ. ನಾನು ಅಪ್ಪನಿಗೆ ಹೇಳದೆ ಬೆಂಡಿನಲ್ಲಿ ಅಂಗೈ ಉದ್ದದ ಒಂದು ಮುದುಕಿಯನ್ನು ಮಾಡಿದೆ. ಡಾಕ್ಟ್ರ ತಾಯಿಯನ್ನು ನಾನು ನೋಡಿರಲಿಲ್ಲ. ನನಗೆ ಗೊತ್ತಿದ್ದ ಮುದುಕಿ ಒಬ್ಬಳೇ. ಹಾಗಾಗಿ ಗೊಂಬೆಗೆ ಅಜ್ಜಿಯ ಬಾಗಿದ ಬೆನ್ನು ಬಂತು, ಓಲೆಯ ಭಾರಕ್ಕೆ ಜೋತ ಕಿವಿ ಬಂತು. ಹೊಸ ಹಲ್ಲು ಬಂದ ಮೇಲೆ ಅಜ್ಜಿಯ ಬಾಯಿ ಪೂರ್ತಿ ಮುಚ್ಚುತ್ತಲೇ ಇರಲಿಲ್ಲವಲ್ಲ, ಆ ಬಾಯಿಗೆ ನುಚ್ಚಕ್ಕಿಯ ಎರಡು ಚೂರು ಅಂಟಿಸಿದೆ. ಅಕ್ಕ ತನ್ನ ಲಂಗದ ಅಂಚಿನಿಂದ ಒಂದು ಚೂರು ಕತ್ತರಿಸಿ ಸೀರೆ ಉಡಿಸಿದಳು.

ಹೊರಡುವ ದಿನ ಬೆಳಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಅದನ್ನು ಹಕ್ಕಿಯ ಬೆನ್ನ ಮೇಲೆ ಗಟ್ಟಿಯಾಗಿ ಅಂಟಿಸಿಬಿಟ್ಟೆ. ಅಪ್ಪ ಬಂದು ನೋಡಿದ. ನಾನು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಅವನು ಬಗ್ಗಿ ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. "ಹೌದಲಾ, ನಂಗೆ ಹೊಳೀಲೇ ಇಲ್ಲ ನೋಡು. ದೇವ್ರಂಗೆ ಕೂರ್ಸಿದ್ಯ ತಾಯೀನ," ಎಂದು ನನ್ನ ತಲೆ ಸವರಿದ. ಅಪ್ಪ ನನ್ನ ಕೆಲಸವನ್ನು ಮೆಚ್ಚಿದ್ದು ಅದೇ ಮೊದಲು. ಅಕ್ಕ ಹಳೆಯ ಪಂಚೆಯಲ್ಲಿ ಹುಲ್ಲು ತುಂಬಿ ಹಕ್ಕಿಯನ್ನು ಸುತ್ತಿಕೊಟ್ಟಳು. ಸೊರಬದಿಂದ ಶಿರಾಳಕೊಪ್ಪ ದಾಟಿ ಶಿಕಾರಿಪುರದವರೆಗೂ ಅಪ್ಪ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಕಂಡಕ್ಟರ್ "ಏನ್ರೀ ಅದು, ಕೂಸಾ?" ಎಂದು ಕೇಳಿದಾಗ ಅಪ್ಪ ಹೌದು ಎಂದೇ ಹೇಳಿದ.

ಡಾಕ್ಟ್ರ ಮನೆ ದವಾಖಾನೆಯ ಹಿಂದೆಯೇ ಇತ್ತು. ಲವಂಗದೆಣ್ಣೆಯ ವಾಸನೆ ದಾಟಿ ಒಳಗೆ ಹೋದರೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿಯುವ ಘಮ. ಹುಬ್ಬಳ್ಳಿಯಿಂದ, ಶಿವಮೊಗ್ಗದಿಂದ ನೆಂಟರು ಬಂದಿದ್ದರು. ಬಾಗಿಲಿಗೆ ಕೆಂಪು ಕಾಗದ, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ. ನಡುವೆ ಎತ್ತರದ ಕುರ್ಚಿಯಲ್ಲಿ ಡಾಕ್ಟ್ರ ತಾಯಿ ಕೂತಿದ್ದರು. ಒಂದೂ ಕರಿ ಎಳೆ ಇಲ್ಲದ ಕೂದಲು, ಕೆಂಪು ಕೆಂಪು ಕೆನ್ನೆ. ಡಾಕ್ಟ್ರು ಹೇಳಿದ್ದ ಮೆಚ್ಚುಗೆಯ ಮಾತಿನ ಅರ್ಥ ನನಗೆ ಅವರನ್ನು ಕಂಡ ಕೂಡಲೇ ಆಯಿತು. ಅವರ ಮುಂದೆ ಮೇಜಿನ ಮೇಲೆ ಅಪ್ಪ ಗಂಟು ಬಿಚ್ಚಿದ. ಹುಲ್ಲು ಸರಿಸಿದ. ಹಕ್ಕಿ ಎದ್ದು ನಿಂತಿತು.

ಮೊದಲು ಎಲ್ಲರೂ ಅಬ್ಬಾ ಎಂದರು. ಆಮೇಲೆ ಅವರ ಕಣ್ಣು ಗೊಂಬೆಯ ಮೇಲೆ ಬಿತ್ತು. ಒಬ್ಬ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟ್ರ ಮುಖ ಸುಣ್ಣ ಬಳಿದಂತಾಯಿತು. ಡಾಕ್ಟ್ರು ಅಪ್ಪನ ತೋಳು ಹಿಡಿದು ಬಾಗಿಲ ಬಳಿಗೆ ಕರೆದುಕೊಂಡು ಹೋದರು. ನಾನೂ ಹಿಂದೆಯೇ ಹೋದೆ.

"ಗುಡಿಗಾರ್ರೇ, ತಪ್ಪು ತಿಳೀಬ್ಯಾಡ್ರಿ. ನಮ್ಮಲ್ಲಿ ಹಿರೇರು ತೀರಿಕೊಂಡ್ರ, ಸತ್ರು ಅನ್ನಂಗಿಲ್ಲ. ಕೊಕ್ಕರೆ ಹತ್ತಿ ಪಡುವಣಕ್ಕ ಹೋದ್ರು ಅಂತೀವಿ. ಕೊಕ್ಕರೆ ನಿಂತಿದ್ರ ಆಯುಷ್ಯ. ಯಾರಾರ ಮ್ಯಾಲೆ ಕುಂತ್ರ..."

ನೂರು ವರ್ಷ ಬಾಳಿ ಎಂದು ಹೇಳಲು ಬಂದ ಅಪ್ಪ ಹುಟ್ಟುಹಬ್ಬದ ದಿನ, ನೆಂಟರೆಲ್ಲರ ಎದುರಿಗೆ, ಆ ತಾಯಿಯನ್ನು ಸಾವಿನ ಮೇಲೆ ಹತ್ತಿಸಿ ತಂದಿದ್ದ. "ನಂದೇ ತಪ್ಪು ಡಾಕ್ಟ್ರೇ. ನಾನೇ ಮಾಡ್ದೆ. ನಮ್ಮಲ್ಲಿ ಹಕ್ಕಿ ಮೇಲೆ ದೇವ್ರು ಕೂರ್ತದೆ, ಆ ರೂಢೀಲಿ ಮಾಡ್ಬಿಟ್ಟೆ," ಎಂದ. ನನ್ನ ಹೆಸರೇ ಎತ್ತಲಿಲ್ಲ. ತಲೆ ತಗ್ಗಿಸಿ ನಿಂತ. ಸುಮ್ಮನಿದ್ದಿದ್ದರೆ ನಾನು ಪಾರಾಗುತ್ತಿದ್ದೆ. ಇರಲಾಗಲಿಲ್ಲ. ಸೀದಾ ಒಳಗೆ ಓಡಿ ಆ ಎತ್ತರದ ಕುರ್ಚಿಯ ಮುಂದೆ ನಿಂತು, "ಗೊಂಬೆ ಮಾಡಿದ್ದು ಅಪ್ಪ ಅಲ್ಲ, ನಾನು," ಎಂದು ಕೂಗಿಯೇ ಹೇಳಿದೆ.

ಡಾಕ್ಟ್ರ ತಾಯಿಗೆ ಸಂತೆಯಲ್ಲಿ ಕಲಿತ ಕನ್ನಡ ಬರುತ್ತಿತ್ತು. ಅವರು ಸಿಟ್ಟಾಗಲಿಲ್ಲ. ಮುಂದಕ್ಕೆ ಬಾಗಿ ಗೊಂಬೆಯನ್ನು ನೋಡಿದರು. ಆಮೇಲೆ ತಮ್ಮ ಮೂಗು ಮುಟ್ಟಿಕೊಂಡು, ಗೊಂಬೆಯ ಮೂಗು ತೋರಿಸಿ, "ಇದು ನಾನಲ್ಲ. ಯಾರು ಇದು?" ಎಂದು ಕೇಳಿದರು. ಅಷ್ಟರಲ್ಲಿ ಡಾಕ್ಟ್ರೂ ಬಂದು ಬಗ್ಗಿದರು. ಬಗ್ಗಿದವರೇ ಕನ್ನಡಕ ಮೇಲೇರಿಸಿ ಗೊಂಬೆಯ ಬಾಯಿಗೆ ಕಣ್ಣು ತಾಗಿಸುವಷ್ಟು ಹತ್ತಿರ ಹೋದರು. "ಈ ಹಲ್ಲು ನಾ ಕಟ್ಟಿದ್ದಲ್ಲೇನು?" ಎಂದರು.

"ನಮ್ಮಜ್ಜಿ," ಎಂದೆ ನಾನು.

ಹೇಳಿದ ಮೇಲೆ ನನಗೆ ಅರ್ಥವಾಯಿತು. ಕೊಕ್ಕರೆಯ ಮೇಲೆ ಕೂತಿದ್ದವಳು ನಮ್ಮಜ್ಜಿ! ಇವರ ಭಾಷೆಯಲ್ಲಿ ಹತ್ತಿದವರು ವಾಪಸು ಬರುವುದಿಲ್ಲ. ಹತ್ತಿಸಿದವನು ನಾನೇ, ಅದೂ ಗಟ್ಟಿ ಅಂಟು ಹಾಕಿ. ಸೊರಬದ ಮನೆಯಲ್ಲಿ ಅಜ್ಜಿ ಈಗ ಏನಾಗಿದ್ದಾಳೋ! ನಗಬೇಡಿ ಮಕ್ಕಳೇ. ಹತ್ತು ವರ್ಷದವನಿಗೆ ಅದು ಆಟವಾಗಿರಲಿಲ್ಲ. "ಅಜ್ಜೀನ ಇಳ್ಸಿ! ಅಪ್ಪ, ಅಜ್ಜೀನ ಇಳ್ಸು!" ಎಂದು ನಾನು ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತೆ. ಗೊಂಬೆಯನ್ನು ಹಿಡಿದು ಎಳೆಯಹೋದೆ. ಅಪ್ಪ ನನ್ನ ಕೈ ತಡೆದ. ಬೆಂಡು, ಎಳೆದರೆ ಎರಡು ಹೋಳು. ಅವನ ಉಳಿಗಳೆಲ್ಲ ಸೊರಬದಲ್ಲಿದ್ದವು.

ಡಾಕ್ಟ್ರು ತಾಯಿಯ ಮುಖ ನೋಡಿದರು. ತಾಯಿ ತಮ್ಮ ಭಾಷೆಯಲ್ಲಿ ಏನೋ ಎರಡೇ ಮಾತು ಹೇಳಿದರು. ಡಾಕ್ಟ್ರು ದವಾಖಾನೆಗೆ ಹೋಗಿ ಕೈ ತೊಳೆದುಕೊಂಡು, ತಟ್ಟೆಯಲ್ಲಿ ಸಲಕರಣೆಗಳನ್ನು ಇಟ್ಟುಕೊಂಡು ಬಂದರು. ದೀಪ ಹತ್ತಿರಕ್ಕೆ ತರಿಸಿದರು. ಸೂಜಿಯಷ್ಟು ಸಣ್ಣ ಕೊಕ್ಕೆಯನ್ನು ಗೊಂಬೆಯ ಸೀರೆಯ ಅಡಿಗೆ ತೂರಿಸಿ, ಒಂದು ಹನಿ ಬಿಸಿನೀರು ಬಿಟ್ಟು, ಕೆರೆದು, ಮತ್ತೊಂದು ಹನಿ ಬಿಟ್ಟು, ಹಲ್ಲು ಕೀಳುವಾಗಿನ ಎಚ್ಚರದಿಂದಲೇ ಕೆಲಸ ನಡೆಸಿದರು. ನೆಂಟರೆಲ್ಲ ಸುತ್ತ ನಿಂತು ಕತ್ತು ಚಾಚಿ ನೋಡುತ್ತಿದ್ದರು. ಅಪ್ಪ ಎರಡೂ ಕೈಯಲ್ಲಿ ಹಕ್ಕಿಯನ್ನು ಹಿಡಿದುಕೊಂಡಿದ್ದ. ಡಾಕ್ಟ್ರ ತಾಯಿ ನನ್ನನ್ನು ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡು ನನ್ನ ಕೈಯನ್ನು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡರು. ಅವರ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಅದು ಮುಗಿಯುವವರೆಗೆ ಅವರು ನನ್ನ ಕೈ ಬಿಡಲಿಲ್ಲ.

ಕೊನೆಗೆ ಸಣ್ಣದೊಂದು ಸದ್ದಾಯಿತು. ಅಜ್ಜಿ ಎದ್ದು ಬಂದಳು. ಒಂದು ನೆರಿಗೆಯೂ ಕೆಟ್ಟಿರಲಿಲ್ಲ, ನುಚ್ಚಕ್ಕಿಯ ಹಲ್ಲೂ ಅಲ್ಲಾಡಿರಲಿಲ್ಲ. ಡಾಕ್ಟ್ರು ಅವಳನ್ನು ತಾಯಿಗೆ ಕೊಟ್ಟರು, ತಾಯಿ ನನ್ನ ಅಂಗೈಯಲ್ಲಿಟ್ಟು ನನ್ನ ಬೆರಳುಗಳನ್ನು ಮಡಿಸಿದರು. "ಮನೆಗೆ ಕರ್ಕೊಂಡು ಹೋಗು," ಎಂದರು. ಆಮೇಲೆ ಕೊಕ್ಕರೆಯ ಖಾಲಿ ಬೆನ್ನನ್ನು ತಟ್ಟಿ, "ಇದು ಇರ್ಲಿ. ನಾನು ಆಮೇಲೆ ಹತ್ತುತ್ತೀನಿ, ಅವಸರ ಇಲ್ಲ," ಎಂದು ನಕ್ಕರು. ಆಗ ಇಡೀ ಮನೆ ನಕ್ಕಿತು. ಅಪ್ಪ ಮಾತ್ರ ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದ.

ನಮಗೆ ಊಟಕ್ಕೆ ಹಾಕಿದರು. ಶಾವಿಗೆಯಂಥದ್ದೇ, ಆದರೆ ಕೊನೆ ಮೊದಲು ಇಲ್ಲದಷ್ಟು ಉದ್ದ. ಕಡಿಯಬಾರದು, ಕಡಿದರೆ ಆಯುಷ್ಯ ತುಂಡಾಗುತ್ತದೆ ಎಂದರು. ನಾನು ಅಷ್ಟುದ್ದಕ್ಕೂ ಹೀರಿ, ಕೆಮ್ಮಿ, ಕಣ್ಣೀರು ಸುರಿಸಿಕೊಂಡು ತಿಂದೆ. ಅಂದು ಇನ್ನೊಂದು ತಪ್ಪು ಮಾಡುವ ಧೈರ್ಯ ನನಗಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮುಷ್ಟಿ ಬಿಚ್ಚಲೇ ಇಲ್ಲ. ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದೆವು. ಅಜ್ಜಿ ಜಗುಲಿಯ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದಳು. ಓಡಿಹೋಗಿ ಅವಳ ಕತ್ತಿಗೆ ಜೋತುಬಿದ್ದೆ, ಮೊರ ಉರುಳಿ ಅವರೆಕಾಳೆಲ್ಲ ಅಂಗಳದ ಪಾಲಾಯಿತು. ಅಪ್ಪ ನಡೆದದ್ದನ್ನೆಲ್ಲ ಹೇಳಿದ. ಅಜ್ಜಿ ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹತ್ಸಿದ್ದೇನೋ ಹತ್ಸಿದ್ದೆ. ಬನವಾಸಿ ಮೇಲೊಂದು ಸುತ್ತು ಹಾರ್ಸಿ ಇಳ್ಸಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?" ಎಂದು ಹೊಸ ಹಲ್ಲೆಲ್ಲ ಕಾಣುವಂತೆ ನಕ್ಕಳು. ಆ ನಗು ಕಂಡ ಮೇಲೆಯೇ ನನ್ನ ಭಯ ಪೂರ್ತಿ ಇಳಿದದ್ದು.

ಎಷ್ಟೋ ವರ್ಷಗಳಾದ ಮೇಲೆ, ನಾನು ಕಾಲೇಜಿಗೆ ಹೋಗುತ್ತಿದ್ದಾಗ, ಶಿಕಾರಿಪುರದಿಂದ ಅಪ್ಪನಿಗೆ ಒಂದು ಪೋಸ್ಟ್ ಕಾರ್ಡ್ ಬಂತು. ಡಾಕ್ಟ್ರ ಕೈಬರಹ. ಒಂದೇ ಸಾಲು: 'ಅವ್ವ ನಿಮ್ಮ ಕೊಕ್ಕರೆ ಹತ್ತಿದಳು.' ಪೋಸ್ಟ್ ಮ್ಯಾನ್ ಅದನ್ನು ಮೊದಲೇ ಓದಿಕೊಂಡಿದ್ದ, ಏನಿದು ಒಗಟು ಎಂದು ಕೇಳಿದ. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಂತುಕೊಂಡ. ಇಡೀ ಸೊರಬದಲ್ಲಿ ಆ ಕಾಗದ ಅರ್ಥವಾಗುವ ಮನೆ ನಮ್ಮದೊಂದೇ ಆಗಿತ್ತು.

ನಿನ್ನೆ ನೀವು ಮಕ್ಕಳು ಮೊಬೈಲಿನಲ್ಲಿ ಚೀನಾದ ಕೊಕ್ಕರೆ ಎಂದು ಕೇಳಿದಿರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಬಂತು. ಆಯುಸ್ಸು, ಹಸಿರು ಮರ, ಅಧಿಕಾರಿಯ ಎದೆಯ ಕಸೂತಿ, ಹತ್ತಿಹೋಗುವ ಮಾತು, ಒಂದೂ ಬಿಟ್ಟುಹೋಗಿರಲಿಲ್ಲ. ಆ ಹಕ್ಕಿಯ ಹೆಸರನ್ನು ಅದು ನನಗಿಂತ ಚೆನ್ನಾಗಿ ಉಚ್ಚರಿಸಿತು. "ಅಜ್ಜ, ನಿಮ್ಮ ಕಾಲದಲ್ಲಿ ಇದು ಇದ್ದಿದ್ರೆ ನೀವು ಅಳೋದೇ ಬೇಕಿರ್ಲಿಲ್ಲ," ಎಂದಿರಿ. ನಿಜ. ನಿಮ್ಮ ಕಾಲ ನನಗೆ ಖುಷಿ ಕೊಡುತ್ತದೆ. ಒಂದು ಹಕ್ಕಿಯ ಅರ್ಥ ತಿಳಿಯಲು ನೀವು ಬಸ್ಸು ಹತ್ತಬೇಕಿಲ್ಲ, ಯಾರದೋ ಹಬ್ಬದ ಮನೆಯಲ್ಲಿ ತಪ್ಪು ಮಾಡಿ ನಿಲ್ಲಬೇಕಿಲ್ಲ.

ನಮಗೆ ಬೇರೆ ದಾರಿ ಇರಲಿಲ್ಲ. ಇನ್ನೊಬ್ಬರ ಮನೆಯೊಳಗೆ ಹೋಗಿಯೇ ಅವರ ಅರ್ಥ ಕಲಿಯಬೇಕಿತ್ತು. ಅದಕ್ಕೇ ನಿಮಗೆ ಇಷ್ಟು ಹೇಳುತ್ತೇನೆ. ಓದಿ ತಿಳಿದುಕೊಳ್ಳಿ, ಆದರೆ ಎಂದಾದರೂ ಒಬ್ಬರ ಮನೆಗೆ ಹೋಗಿ ತಪ್ಪು ಮಾಡಿದರೆ ಓಡಿಬರಬೇಡಿ, ನಾನು ಮಾಡಿದ್ದು ಎಂದು ಹೇಳಿ ಅಲ್ಲೇ ನಿಂತುಕೊಳ್ಳಿ. ಮೊಬೈಲು ಅಂದು ನನ್ನ ಬಳಿ ಇದ್ದಿದ್ದರೆ ನಾನು ಖಂಡಿತ ಅಳುತ್ತಿರಲಿಲ್ಲ. ಆ ತಾಯಿ ನನ್ನ ಕೈ ಹಿಡಿದುಕೊಳ್ಳುತ್ತಲೂ ಇರಲಿಲ್ಲ.